ಒಬ್ಬರೇ ಬಾಳಲು ಒಂದು ದೋಣಿ
ಅಗಲ ಬರೀ 6 ಅಡಿ 10 ಇಂಚು. ಇಂಗ್ಲೆಂಡಿನ ಹಲವು ಹಳೆಯ ಕಾಲುವೆಗಳಲ್ಲಿ ದೋಣಿಯನ್ನು ಏರಿಸಿ ಇಳಿಸುವ ಲಾಕ್‌ಗಳು ಸುಮಾರು 7 ಅಡಿ ಅಗಲ. ಅದಕ್ಕೇ ನ್ಯಾರೋಬೋಟ್ ಎಂಬ ಈ ದೋಣಿ ಇಷ್ಟು ಕಿರಿದು.

ನಿವೃತ್ತರಾಗಿ ಒಬ್ಬರೇ ಇರಲು ಕೊಳ್ಳುತ್ತೀರಾ? ಒಳಗಿನ ಚೆಂದದ ಅಡುಗೆಮನೆಗೆ ಮರುಳಾಗಬೇಡಿ. ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಿ. ಸರ್ವೇಯರ್ ಅಲ್ಟ್ರಾಸೌಂಡ್‌ನಿಂದ ಉಕ್ಕಿನ ದಪ್ಪ ಅಳೆಯಲಿ. ಹೊಸದರಲ್ಲಿ ತಳ ಸಾಮಾನ್ಯವಾಗಿ 10 ಮಿಲಿಮೀಟರ್, ಪಕ್ಕ 6. ತುಕ್ಕು ತಿಂದು 4ಕ್ಕಿಂತ ಕೆಳಗಿಳಿದಿದ್ದರೆ ವಿಮೆ ಸಿಗುವುದೇ ಕಷ್ಟ.

ಉದ್ದ? 57 ಅಡಿಯದು ಬಹುಪಾಲು ಕಾಲುವೆಗಳಲ್ಲಿ ಸಾಗುತ್ತದೆ. ಆದರೆ ಲಾಕ್‌ನ ಭಾರದ ಬಾಗಿಲು ತಳ್ಳುವವರೂ ನೀವೇ, ಚುಕ್ಕಾಣಿ ಹಿಡಿಯುವವರೂ ನೀವೇ. ನನ್ನನ್ನು ಕೇಳಿದರೆ 45 ಅಡಿ ಸಾಕು. ದೋಣಿಯ ನಡುವಿಗೊಂದು ಗಟ್ಟಿ ಹಗ್ಗ ಇರಲೇಬೇಕು. ಒಂಟಿಯಾಗಿ ದಡಕ್ಕೆಳೆದು ಕಟ್ಟಲು ಅದೇ ಆಸರೆ.

ಕಾಯಂ ತಂಗುದಾಣ ಇಲ್ಲದಿದ್ದರೆ, ಸಾಮಾನ್ಯವಾಗಿ 14 ದಿನದೊಳಗೆ ಜಾಗ ಬದಲಿಸಬೇಕು. ಜನವರಿಯ ಚಳಿಯಲ್ಲೂ.