ಪೀಚ್‌ಟ್ರೀ ಸಿಟಿಯ ಗಾಲ್ಫ್ ಕಾರ್ಟ್: ಕೊಳ್ಳುವುದು ಸುಲಭ, ಸಾಕುವುದಕ್ಕೆ ಎಷ್ಟು?

ಅಮೆರಿಕದಲ್ಲಿರುವ ಮಕ್ಕಳು ಕಳುಹಿಸಿದ ಚಿತ್ರದಲ್ಲಿ ಗಾಲ್ಫ್ ಕಾರ್ಟ್ ಕಂಡರೆ, ಊರಿನಲ್ಲಿರುವವರು ಅದನ್ನು ಸಿರಿವಂತಿಕೆಯ ಗುರುತೆಂದೇ ಭಾವಿಸುತ್ತಾರೆ. ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯ ಮಟ್ಟಿಗೆ ಈ ಭಾವನೆ ಸಲ್ಲದು. ಅಟ್ಲಾಂಟಾ ನಗರದ ನೈರುತ್ಯಕ್ಕಿರುವ ಈ ಊರಿನಲ್ಲಿ ಕಾರ್ಟುಗಳೂ ಸೈಕಲ್ಲುಗಳೂ ಪಾದಚಾರಿಗಳೂ ಬಳಸುವ ಸುಮಾರು 160 ಕಿ.ಮೀ. ಕಿರುಹಾದಿಗಳಿವೆ. ಗಾಲ್ಫ್ ಆಡದವರೂ ತರಕಾರಿ ತರಲು, ಮಕ್ಕಳನ್ನು ಶಾಲೆಗೆ ಬಿಡಲು ಕಾರ್ಟನ್ನೇ ಏರುತ್ತಾರೆ. ನಮ್ಮಲ್ಲಿ ಸ್ಕೂಟರಿಗಿರುವ ಸ್ಥಾನ ಅಲ್ಲಿ ಅದಕ್ಕಿದೆ.

ಹೊಸದಾಗಿ ಬಂದು ನೆಲೆಸಿದ ಕುಟುಂಬಗಳು ಸಾಮಾನ್ಯವಾಗಿ ಹಳೆಯ ಕಾರ್ಟನ್ನು ಕೊಳ್ಳುತ್ತವೆ. ಬೆಲೆ ಅಗ್ಗವೆಂದು ತೋರುತ್ತದೆ. ಆದರೆ ನಿಜವಾದ ಬೆಲೆ ಸೀಟಿನ ಕೆಳಗೆ ಅಡಗಿದೆ. ವಿದ್ಯುತ್ ಕಾರ್ಟಿನಲ್ಲಿ ಬಹುಮಟ್ಟಿಗೆ ಆರು ಸೀಸ-ಆಮ್ಲದ ಬ್ಯಾಟರಿಗಳಿರುತ್ತವೆ. ಅವುಗಳ ಆಯುಷ್ಯ ನಾಲ್ಕರಿಂದ ಆರು ವರ್ಷ. ಇಡೀ ಸೆಟ್ ಬದಲಿಸಲು ಸುಮಾರು 900ರಿಂದ 1,500 ಡಾಲರ್ ಬೇಕು. ಒಂದು ಬ್ಯಾಟರಿ ಮಾತ್ರ ಕೆಟ್ಟಿದೆಯೆಂದು ಅದೊಂದನ್ನೇ ಬದಲಿಸುವುದು ಜಾಣತನದಂತೆ ಕಂಡರೂ, ಹಳೆಯ ಐದರ ಜೊತೆಗೆ ದುಡಿದು ಹೊಸದೂ ಬೇಗನೆ ಸೊರಗುತ್ತದೆ. ಲಿಥಿಯಂ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ, ನೀರನ್ನೂ ಬೇಡುವುದಿಲ್ಲ. ಆದರೆ ಅದಕ್ಕೆ 1,500ರಿಂದ 3,000 ಡಾಲರ್ ತೆರಬೇಕು. ಅನೇಕ ವೇಳೆ ಚಾರ್ಜರನ್ನೂ ಬದಲಿಸಬೇಕಾಗುತ್ತದೆ.

ನೀರಿನ ವಿಷಯದಲ್ಲಿ ನಮ್ಮವರಿಗೆ ಹೊಸ ಪಾಠ ಬೇಕಿಲ್ಲ. ಮನೆಯ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ರೂಢಿಯಿರುವ ಯಾರಿಗಾದರೂ ಈ ಕೆಲಸ ಗೊತ್ತು. ತಿಂಗಳಿಗೊಮ್ಮೆ ಮುಚ್ಚಳ ತೆರೆದು ನೋಡುವ ಈ ಅಭ್ಯಾಸ ಸಾವಿರ ಡಾಲರಿನ ವೆಚ್ಚವನ್ನು ಒಂದೆರಡು ವರ್ಷ ಮುಂದೂಡಬಲ್ಲದು.

ಉಳಿದ ರಿಪೇರಿಗಳು ಅಷ್ಟು ಭಾರವಲ್ಲ. ಪೆಡಲ್ ಒತ್ತಿದಾಗ ಕಾರ್ಟ್ ಮಿಸುಕದಿದ್ದರೆ ಸೊಲೆನಾಯ್ಡ್ ಕೆಟ್ಟಿರಬಹುದು. ಕೂಲಿ ಸೇರಿ 100ರಿಂದ 250 ಡಾಲರ್. ಚಾರ್ಜರಿಗೆ 300ರಿಂದ 600. ವೇಗ ನಿಯಂತ್ರಿಸುವ ಕಂಟ್ರೋಲರ್ ಸುಟ್ಟರೆ ಮಾತ್ರ ಬಿಲ್ಲು ಸಾವಿರ ಡಾಲರ್ ಮುಟ್ಟೀತು. ಬಿಡಿಭಾಗಕ್ಕಿಂತ ಕೈಕೆಲಸವೇ ದುಬಾರಿಯಾದ ದೇಶವದು. ಗಂಟೆಗೆ ನೂರು ಡಾಲರ್ ಕೂಲಿ ಕೇಳಿದರೆ ಅಚ್ಚರಿಪಡಬೇಕಿಲ್ಲ. (ಅದನ್ನು ರೂಪಾಯಿಗೆ ಗುಣಿಸುವ ಚಾಳಿಯನ್ನು ಮಾತ್ರ ಬಿಡಬೇಕು.) ಯಮಹಾ ಕಾರ್ಟುಗಳು ನೆರೆಯ ನ್ಯೂನನ್ ಪಟ್ಟಣದಲ್ಲೇ, ಇ-ಜಿ-ಗೋ ಕಾರ್ಟುಗಳು ಅದೇ ರಾಜ್ಯದ ಅಗಸ್ಟಾದಲ್ಲೇ ತಯಾರಾಗುತ್ತವೆಯಾದರೂ ಕೂಲಿ ಇಳಿಯದು.

ಆದುದರಿಂದ ಹಳೆಯ ಕಾರ್ಟ್ ನೋಡಲು ಹೋದಾಗ ಬಣ್ಣ, ಮೆತ್ತೆಗಳ ಹೊಳಪಿಗೆ ಮರುಳಾಗದೆ ಮೊದಲು ಸೀಟನ್ನು ಎತ್ತಿಸಿರಿ. ಹಲವು ತಯಾರಕರು ಬ್ಯಾಟರಿಯ ಮೇಲೆ ಒಂದು ಅಕ್ಷರ, ಒಂದು ಅಂಕಿ ಒತ್ತಿರುತ್ತಾರೆ: ಅಕ್ಷರ ತಿಂಗಳನ್ನೂ ಅಂಕಿ ವರ್ಷವನ್ನೂ ಸೂಚಿಸುತ್ತದೆ. ‘ಸಿ3’ ಎಂದಿದ್ದರೆ 2023ರ ಮಾರ್ಚ್. ಐದು ವರ್ಷ ದಾಟಿದ ಸೆಟ್ ಆಗಿದ್ದರೆ ಹೊಸ ಬ್ಯಾಟರಿಗಳ ಬೆಲೆಯನ್ನು ಕಳೆದೇ ಚೌಕಾಸಿಗೆ ಕುಳಿತುಕೊಳ್ಳಿರಿ. ಮನೆಬಾಗಿಲಿಗೆ ಬರುವ ಮೆಕ್ಯಾನಿಕ್ಕನನ್ನು ಕರೆಸುವುದಾದರೆ, ಬರುವ ಶುಲ್ಕ ರಿಪೇರಿಯ ಬಿಲ್ಲಿನಲ್ಲಿ ಸೇರುವುದೋ ಬೇರೆಯೋ ಎಂಬುದನ್ನು ದೂರವಾಣಿಯಲ್ಲೇ ಕೇಳಿಕೊಳ್ಳಿರಿ.