ಮನಸ್ಸು ಕೆರಳಿದಾಗ ಮೊದಲು ತಾಲ್ಲೂಕು ಆಸ್ಪತ್ರೆಗೆ

ಬೋರ್‌ವೆಲ್ ಮೋಟಾರು ಸುಟ್ಟರೆ ಅದೇ ದಿನ ವೈಂಡಿಂಗ್ ಅಂಗಡಿಗೆ ಒಯ್ಯುವ ನಾವು, ಮನೆಯವರೊಬ್ಬರು ನಿದ್ದೆಗೆಟ್ಟು ಅಲೆಯತೊಡಗಿದರೆ, ಸಾಯುತ್ತೇನೆಂದು ಹಟ ಹಿಡಿದರೆ, ಕೋಣೆಯಲ್ಲಿ ಕೂಡಿ, ತಾಯತ ಕಟ್ಟಿಸಿ ವಾರಗಟ್ಟಲೆ ಕಾಯುತ್ತೇವೆ.

ಸದಸ್ಯ ಬಾಂಧವರೇ, ಹಾಗೆ ಕಾಯಬಾರದು. ಕೂಡಲೇ ಬೆಂಗಳೂರಿಗೆ ಓಡಬೇಕೆಂದೂ ಇಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜೀವಾಪಾಯವಿದ್ದಲ್ಲಿ ಮನೋವೈದ್ಯರಲ್ಲದ ನೋಂದಾಯಿತ ವೈದ್ಯರೂ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ನೀಡಲು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಅವಕಾಶವಿದೆ. ಮಾನಸಿಕ ಚಿಕಿತ್ಸಾಲಯಕ್ಕೆ ಸಾಗಿಸುವುದೂ ಅದರಲ್ಲೇ ಸೇರಿದೆ. ಸರಪಳಿ ಹಾಕುವುದನ್ನು ಅದೇ ಕಾಯಿದೆ ನಿಷೇಧಿಸಿದೆ.

ಒಮ್ಮೆ ಸೇರಿಸಿದರೆ ಮನುಷ್ಯ ಹೊರಗೆ ಬರುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಅದು ಹಳೆಯ ಕಾಲದ ಭಯ. ರೋಗಿ ತಾನೇ ಒಪ್ಪಿ ದಾಖಲಾಗಬಹುದು. ಒಪ್ಪುವ ಸ್ಥಿತಿಯಲ್ಲಿಲ್ಲದಿದ್ದರೆ ಅವರ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಆಗಲೂ ಮೊದಲ ದಾಖಲಾತಿ 30 ದಿನ ಮೀರುವಂತಿಲ್ಲ. ಕರೆಂಟ್ ಕೊಡುತ್ತಾರೆಂದು ಹೆದರುವವರೂ ಉಂಟು. ಅರಿವಳಿಕೆಯಿಲ್ಲದೆ ಆ ಚಿಕಿತ್ಸೆ ಕೊಡುವಂತೆಯೇ ಇಲ್ಲ.

ನಮ್ಮ ಮಗ್ಗುಲಿನ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ತಜ್ಞರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ಕಾಯಿಲೆಗಳ ಚಿಕಿತ್ಸೆ ಕಲಿಸಿದರು. 1996ರ ರಾಷ್ಟ್ರೀಯ ಯೋಜನೆಗೆ ಆ ಪ್ರಯೋಗವೇ ಮಾದರಿ. ಪಕ್ಕದಲ್ಲೇ ಬೆಳೆದ ವಿದ್ಯೆಗೆ ನಾವು ಬೆನ್ನು ಹಾಕುವುದೇಕೆ?

ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಉತ್ತರಿಸುತ್ತಾರೆ, ಹಣ ಬೀಳದು. ಅದಕ್ಕೂ ಮೊದಲು ಪಂಪ್‌ಹೌಸಿನಲ್ಲಿಟ್ಟ ಕ್ರಿಮಿನಾಶಕಕ್ಕೆ ಬೀಗ ಹಾಕಿ, ಬೀಗದ ಕೈ ನೆರೆಮನೆಯಲ್ಲಿಡಿ. ಸಂಘದ ಬಾಕಿಯ ಮಾತನ್ನು ಆ ದಿನಗಳಲ್ಲಿ ನಾವಂತೂ ಎತ್ತುವುದಿಲ್ಲ.