ಅಂಗೈಯ ಗೋರಂಟಿ ಹಾಳೆಗೆ ಬಂದಾಗ

ಮನೆಯ ಮಂಗಳಕಾರ್ಯಗಳಲ್ಲಿ ಮೊದಲು ಸಿಂಗಾರಗೊಳ್ಳುವುದು ಹೆಣ್ಣುಮಕ್ಕಳ ಕೈ. ನಾಗರಪಂಚಮಿಯಿರಲಿ, ಮದುವೆಯಿರಲಿ, ಗೋರಂಟಿಯಿಲ್ಲದೆ ಹಬ್ಬಕ್ಕೆ ಕಳೆಯೇರದು. ಹಿಂದೆ ನಮ್ಮ ತಾಯಂದಿರು ಹಸಿ ಸೊಪ್ಪನ್ನು ನುಣ್ಣಗೆ ಅರೆದು, ಅಂಗೈಯ ನಡುವೆ ದುಂಡನೆಯ ಬೊಟ್ಟೊಂದನ್ನಿಟ್ಟು, ಬೆರಳ ತುದಿಗಳಿಗೆ ಟೊಪ್ಪಿಗೆಯಂತೆ ಮೆತ್ತಿಕೊಂಡು ತೃಪ್ತರಾಗುತ್ತಿದ್ದರು. ಕೋನ್ ಬಂದ ಮೇಲೆ ಆ ಬೊಟ್ಟಿನ ಸುತ್ತ ಬಳ್ಳಿ, ಮಾವಿನಕಾಯಿ, ನವಿಲು, ಜಾಲರಿಗಳು ಹಬ್ಬಿದವು. ಇಂದು ಶಾಲೆಗೆ ಹೋಗುವ ಬಾಲಕಿಯೂ ಅಳತೆಪಟ್ಟಿಯಿಲ್ಲದೆ, ಪೆನ್ಸಿಲಿನ ಗುರುತಿಲ್ಲದೆ, ಅಳಿಸಿ ತಿದ್ದುವ ಅವಕಾಶವೂ ಇಲ್ಲದೆ ಒಂದು ಅಂಗೈಯನ್ನು ಚಿತ್ರದಿಂದ ತುಂಬಿಸಬಲ್ಲಳು. ಇದು ಸಾಮಾನ್ಯ ವಿದ್ಯೆಯಲ್ಲ.

ಆದರೆ ಈ ವಿದ್ಯೆಯ ಫಲಕ್ಕೆ ಎರಡು ವಾರಗಳ ಆಯುಷ್ಯ. ಚರ್ಮದ ಮೇಲ್ಪದರ ಸವೆದಂತೆ ಚಿತ್ರವೂ ಅಳಿಯುತ್ತದೆ. ಧಾರವಾಡ ಸೀಮೆಯ ಕಸೂತಿಯನ್ನು ನೋಡಿರಿ. ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿ ಉಳಿದುದರಿಂದ ಮೊಮ್ಮಗಳು ಎಳೆಗಳನ್ನೆಣಿಸಿ ಗೋಪುರ, ತೇರು, ಆನೆಗಳನ್ನು ಮತ್ತೆ ಮೂಡಿಸಬಲ್ಲಳು. ಗವಂತಿ, ಮುರ್ಗಿ, ನೇಯ್ಗೆ, ಮೆಂಥೆ ಎಂಬ ಹೊಲಿಗೆಗಳು ನಮ್ಮ ಕಾಲದವರೆಗೆ ಬಂದದ್ದು ಬಟ್ಟೆಯ ಆಶ್ರಯದಿಂದ. ಗೋರಂಟಿಗೆ ಆ ಆಶ್ರಯ ದೊರೆಯಲಿಲ್ಲ. ಮಗನು ಹಾಳೆಯ ಮೇಲೆ ಬರೆದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವ ಮನೆಗಳಲ್ಲಿಯೇ, ಮಗಳು ಅಂಗೈಯ ಮೇಲೆ ಬರೆದದ್ದು ಹಬ್ಬದ ಸಡಗರವೆನಿಸಿ ಮರೆತುಹೋಗುತ್ತದೆ. ಆ ಕೈಚಳಕವನ್ನು ಹಾಳೆಗೆ ತರುವ ಬಗೆಯನ್ನು ಇಲ್ಲಿ ವಿವರಿಸಬಯಸುತ್ತೇವೆ.

ಸೊಪ್ಪಿನ ಗುಣ, ಹಾಳೆಯ ಗುಣ

ಕೈಗೆ ಹಚ್ಚುವ ಕೋನನ್ನೇ ಹಾಳೆಯ ಮೇಲೆ ಒತ್ತಿದರೆ ಸಾಲದೇ ಎಂದು ಹಲವರಿಗೆ ತೋರಬಹುದು. ಹಾಗೆ ಮಾಡಿದರೆ ನಿರಾಶೆ ತಪ್ಪದು. ಗೋರಂಟಿಯ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ನಿಂಬೆರಸದಲ್ಲಿ ಕಲಸಿ ಕೆಲವು ಗಂಟೆ ಇಟ್ಟಾಗ ಅದು ಎಲೆಯಿಂದ ಹೊರಬಂದು, ಚರ್ಮದ ಕೆರಾಟಿನ್ ಎಂಬ ಪ್ರೋಟೀನಿನೊಡನೆ ಬೆಸೆದುಕೊಳ್ಳುತ್ತದೆ. ಅಂಗೈ ಅಂಗಾಲುಗಳ ಚರ್ಮ ದಪ್ಪವಾದುದರಿಂದ ಅಲ್ಲಿ ಬಣ್ಣ ಹೆಚ್ಚು ಗಾಢ. ಮೊದಲು ಕಿತ್ತಳೆಯಾಗಿ ಕಂಡದ್ದು ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ಉಣ್ಣೆ, ರೇಷ್ಮೆ, ತೊಗಲುಗಳೂ ಪ್ರೋಟೀನುಗಳೇ ಆದುದರಿಂದ ಈ ಬಣ್ಣವನ್ನು ಹೀರಬಲ್ಲವು. ಆಫ್ರಿಕದ ಮೊರಾಕ್ಕೊ ದೇಶದಲ್ಲಿ ಮೇಕೆಯ ತೊಗಲು ಹೊದಿಸಿದ ದೀಪಗಳ ಮೇಲೆ ಗೋರಂಟಿಯಿಂದ ಚಿತ್ರ ಬರೆಯುವುದು ಈ ಗುಣದ ಬಲದಿಂದಲೇ.

ಹಾಳೆಯಾದರೋ ಸಸ್ಯದ ನಾರು, ಸೆಲ್ಯುಲೋಸ್. ಅದರೊಡನೆ ಲಾಸೋನ್ ಹಾಗೆ ಬೆಸೆಯದು. ಒಣಗಿದ ಹಿಟ್ಟು ಉದುರಿ ಮಸುಕಾದ ಕಂದುಕಲೆಯಷ್ಟೇ ಉಳಿಯುತ್ತದೆ. ನೀಲಗಿರಿ ಎಣ್ಣೆ ಬೆರೆಸಿದ್ದರೆ ಗೆರೆಯ ಸುತ್ತ ಜಿಡ್ಡು ಹರಡುತ್ತದೆ. ನಿಂಬೆಯ ಹುಳಿ ಕಾಲಾಂತರದಲ್ಲಿ ಹಾಳೆಯನ್ನು ಹಳದಿಗೊಳಿಸಿ ಪೆಡಸಾಗಿಸುತ್ತದೆ. ಆದುದರಿಂದ ಸೊಪ್ಪನ್ನು ಅಂಗೈಗೇ ಬಿಟ್ಟು, ಕೋನ್ ಹಿಡಿಯುವ ಹದವನ್ನೂ ಗೆರೆಯ ಕ್ರಮವನ್ನೂ ಮಾತ್ರ ಹಾಳೆಗೆ ತರಬೇಕು.

ಬರೆಯುವ ಕ್ರಮ

ಚದರ ಮೀಟರಿಗೆ 250ರಿಂದ 300 ಗ್ರಾಂ ತೂಗುವ ದಪ್ಪ ಹಾಳೆ ಬೇಕು. ತೆಳು ಹಾಳೆ ತೇವಕ್ಕೆ ಸುಕ್ಕುಗಟ್ಟುತ್ತದೆ. ಖಾಲಿ ಕೋನಿನಲ್ಲಿ ಟ್ಯೂಬಿನ ಗಟ್ಟಿ ಅಕ್ರಿಲಿಕ್ ಬಣ್ಣವನ್ನು ತುಂಬಿ, ಒಳಗೆ ಗಾಳಿ ನಿಲ್ಲದಂತೆ ಹಿಂಬದಿಯನ್ನು ಮಡಚಿ ಬಿಗಿಯಬೇಕು. ಗಾಳಿಯಿದ್ದರೆ ಗೆರೆ ನಡುವೆ ತುಂಡಾಗುತ್ತದೆ. ಬಣ್ಣಕ್ಕೆ ನೀರು ಬೆರೆಸಲಾಗದು. ರದ್ದಿ ಹಾಳೆಯ ಮೇಲೆ ಎಳೆದ ಗೆರೆ ಹರಡದೆ ಉಬ್ಬಿ ನಿಂತರೆ ಹದ ಸರಿಯೆಂದು ತಿಳಿಯಬೇಕು.

ಕೋನಿನ ತುದಿ ಹಾಳೆಗೆ ತಾಗದೆ ತುಸು ಮೇಲಿದ್ದು, ಬಣ್ಣವು ದಾರದಂತೆ ಇಳಿದು ಮಲಗಬೇಕು. ಕೈಗೆ ಗೋರಂಟಿ ಬರೆಯುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಅವರಿಗೆ ಕಷ್ಟವೆನಿಸುವುದು ಹಾಳೆಯ ಬಯಲು. ಅಂಗೈಗೆ ತನ್ನದೇ ಎಲ್ಲೆಯಿದೆ, ಬೆರಳುಗಳು ಚಿತ್ರಕ್ಕೆ ದಾರಿ ತೋರುತ್ತವೆ. ಹಾಳೆ ಯಾವ ದಾರಿಯನ್ನೂ ತೋರದು. ಅದಕ್ಕಾಗಿ ಮೊದಮೊದಲು ತಮ್ಮ ಕೈಯನ್ನೇ ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಅದರ ಅಂಚನ್ನು ಗುರುತಿಸಿಕೊಂಡು ಅದರೊಳಗೆ ಬರೆಯುವುದು ಲೇಸು. ಕೈ ಪಳಗಿದ ಮೇಲೆ ಚೌಕ, ವೃತ್ತ, ಅಂಚುಪಟ್ಟಿಗಳಿಗೆ ಹೋಗಬಹುದು. ದಪ್ಪ ಗೆರೆಗಳು ಮೊದಲು, ಒಳಗಿನ ಬಳ್ಳಿಗಳು ಅನಂತರ, ಕಿರುಚುಕ್ಕೆಗಳು ಕಡೆಗೆ. ಬಲಗೈಯವರು ಎಡದಿಂದ ತೊಡಗಿದರೆ ಹಸಿ ಗೆರೆಗೆ ಕೈ ತಾಗದು.

ಒಂದು ಹಗಲು ಒಂದು ರಾತ್ರಿ ಒಣಗಲು ಬಿಡಬೇಕು. ಒಣಗಿದ ಅಕ್ರಿಲಿಕ್ ನೀರಿಗೆ ಕರಗದು. ಉಬ್ಬಿದ ಗೆರೆಗಳ ನಡುವೆ ಜಲವರ್ಣ ತುಂಬಿದರೆ ಅದು ಬದುವಿನೊಳಗಿನ ನೀರಿನಂತೆ ತನ್ನ ಮಡಿಯಲ್ಲೇ ನಿಲ್ಲುತ್ತದೆ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಚಿನ್ನದ ರೇಕು ಹಚ್ಚುವ ಮೊದಲು ಗೆಸ್ಸೋ ಎಂಬ ಹಿಟ್ಟಿನಿಂದ ಒಡವೆ, ಪ್ರಭಾವಳಿಗಳನ್ನು ಉಬ್ಬಿಸುವುದನ್ನು ಬಲ್ಲವರಿಗೆ ಈ ಉಬ್ಬುಗೆರೆಯ ಚೆಲುವು ಹೊಸದಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು. ಬಣ್ಣದ ಕೋನೂ ಗೋರಂಟಿಯ ಕೋನೂ ನೋಡಲು ಒಂದೇ. ಅಕ್ರಿಲಿಕ್ ಬಣ್ಣ ಮೈಗೆ ಹಚ್ಚುವಂಥದಲ್ಲ. ಅದರ ಮೇಲೆ ಹೆಸರು ಬರೆದು, ಚಿಕ್ಕ ಮಕ್ಕಳ ಕೈಗೆಟುಕದಂತೆ ಬೇರೆಡೆ ಇಡಬೇಕು.

ಕಾಯಕದ ಗೌರವ

ನೂಲುವ ಕಾಯಕದ ಕದಿರ ರೆಮ್ಮವ್ವೆಗೆ 12ನೆಯ ಶತಮಾನದ ಶರಣರ ನಡುವೆ ವಚನಕಾರ್ತಿಯ ಸ್ಥಾನವಿತ್ತು. ರಾಟೆಯ ಮುಂದೆ ಕುಳಿತ ಕೈಯನ್ನು ಆ ಕಾಲ ಕಿರಿದೆಂದು ಎಣಿಸಲಿಲ್ಲ. ಹಾಗಿರುವಾಗ ಕೋನ್ ಹಿಡಿದ ಕೈಯನ್ನು ಅವರ ಪರಂಪರೆಯವರು ಕಿರಿದೆಂದು ಎಣಿಸುವುದು ಸಲ್ಲದು. ಹಾಳೆಗೆ ಬಂದ ಚಿತ್ರ ಮದುವೆಯ ಕರೆಯೋಲೆಯಾಗಬಹುದು, ಗೋಡೆಯ ಅಲಂಕಾರವಾಗಬಹುದು, ಸತ್ಯಶುದ್ಧ ಸಂಪಾದನೆಯೂ ಆಗಬಹುದು. ಏನೂ ಆಗದಿದ್ದರೂ ಮನೆತನದ ನೆನಪಾಗಿ ಉಳಿಯುತ್ತದೆ.

ನಮ್ಮ ಸೂಚನೆಯೊಂದಿದೆ. ಮನೆಯಲ್ಲಿ ಮದುವೆ ನಡೆದಾಗ ವಧುವಿನ ಕೈಗೆ ಬರೆದ ಚಿತ್ರವನ್ನೇ ಒಂದು ಹಾಳೆಯ ಮೇಲೂ ಬರೆಯಿಸಿರಿ. ಹಿಂಬದಿಯಲ್ಲಿ ಬರೆದವಳ ಹೆಸರು, ದಿನ, ಸಂದರ್ಭಗಳನ್ನು ನಮೂದಿಸಿ ಬಿಸಿಲು ತಾಗದೆಡೆ ಇಡಿರಿ. ಇಷ್ಟಲಿಂಗವನ್ನು ಹಿಡಿದು ಪೂಜಿಸುವ ಅಂಗೈ ನಮಗೆ ಕರಸ್ಥಳ. ಆ ಅಂಗೈಯನ್ನು ಅಷ್ಟು ಶ್ರದ್ಧೆಯಿಂದ ಸಿಂಗರಿಸಿದ ಹೆಣ್ಣುಮಗಳ ಹೆಸರನ್ನು ಮುಂದಿನ ತಲೆಮಾರು ಓದುವಂತಾಗಲಿ.